ಕೆಂಪು ಕಡಲಪಾಚಿಯೂ ಅದರ ಔಷಧಗುಣಗಳೂ

ಕಳೆದ ಹಿಂಗಾರಿಯಲ್ಲಿ ಕಡಲೆಯ ಬೆಳೆಯ ಪರಿಶೀಲನೆಗಾಗಿ ನವಲಗುಂದದ ಕಡೆಯ ಒಂದು ಗ್ರಾಮಕ್ಕೆ ಹೋಗಿದ್ದಾಗ, ಆ ಊರ ಹಿರಿಯ ಗೌಡರೊಬ್ಬರು ನನ್ನನ್ನು ತಮ್ಮ ಪಡಸಾಲೆಯಲ್ಲಿ ಕುಳ್ಳಿರಿಸಿಕೊಂಡು ಒಂದು ಸೀಸೆಯನ್ನು ಮುಂದಿಟ್ಟರು. ಅದು ದನಗಳ ಸಂತೆಯಲ್ಲಿ ಕೊಂಡದ್ದು. ಸಮುದ್ರದ ಕೆಂಪು ಪಾಚಿಯ ಸತ್ವವೆಂದು ಅದರ ಮೇಲೆ ಬರೆದಿದ್ದಿತು. ಮನುಷ್ಯರ ಸಕ್ಕರೆ ಬೇನೆ, ಕೀಲುನೋವು, ದನಗಳ ಹೊಟ್ಟೆಯ ಹುಳ, ಎಮ್ಮೆಯ ಹಾಲು ಇಳಿಯುವದು, ಇವೆಲ್ಲಕ್ಕೂ ಅದೊಂದೇ ಮದ್ದೆಂದು ಮಾರುವವನು ಹೇಳಿದ್ದನಂತೆ. ಗೌಡರು ಆ ಮಾತನ್ನು ನಂಬಿ ದವಾಖಾನೆಯ ಗುಳಿಗೆಗಳನ್ನು ಒಂದು ತಿಂಗಳು ನಿಲ್ಲಿಸಿದ್ದರು. ಬಲಗಾಲಿನ ಹೆಬ್ಬೆರಳಿನ ಗಾಯವು ಮಾಯದೆ ಕೊಳೆಯತೊಡಗಿದ್ದಿತು. "ಸಾಹೇಬರ, ಇದರಾಗ ಏನರ ಖರೇ ಅದನೋ, ಎಲ್ಲಾ ಸುಳ್ಳೋ? ನೀವು ಓದಿದವರು, ಹೇಳ್ರಿ" ಎಂದು ಕೇಳಿದರು.

ನಾನು ಅವರನ್ನು ಮೊದಲು ದವಾಖಾನೆಗೆ ಕಳುಹಿಸಿದೆನು. ಆದರೆ ಅವರ ಪ್ರಶ್ನೆಗೆ ಆ ದಿನ ತಕ್ಕ ಉತ್ತರವನ್ನು ಕೊಡಲು ನನ್ನಿಂದಾಗಲಿಲ್ಲ. ಎಲ್ಲವೂ ಸುಳ್ಳೆಂದಿದ್ದರೆ ಅದು ತಪ್ಪಾಗುತ್ತಿತ್ತು. ಎಲ್ಲವೂ ಖರೆಯೆಂದಿದ್ದರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು. ಇಂಥ ಸೀಸೆಗಳು ಈಗ ಅನೇಕ ಊರುಗಳಿಗೆ ಬರುತ್ತಲಿವೆ. ಊರಿನ ಪ್ರಮುಖರು ಕೊಂಡುದನ್ನು ಕಂಡು ಉಳಿದವರೂ ಕೊಳ್ಳುವರು. ಆದಕಾರಣ ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ.

ನಮ್ಮ ಕೆರೆ ಬಾವಿಗಳಲ್ಲಿ ಬೆಳೆಯುವ ಹಾವಸೆಯನ್ನು ಎಲ್ಲರೂ ಬಲ್ಲರು. ಕಡಲಪಾಚಿಯು ಅದರ ದೊಡ್ಡ ಬಂಧುವೆಂದು ತಿಳಿದರೆ ಸಾಕು. ಅದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬಂಡೆಯನ್ನು ಕಚ್ಚಿಕೊಂಡು ನೀರಿನಿಂದಲೇ ಆಹಾರವನ್ನು ಹೀರಿ ಬದುಕುವದು. ಬಣ್ಣದ ಮೇಲಿಂದ ಇವುಗಳಲ್ಲಿ ಹಸಿರು, ಕಂದು, ಕೆಂಪು ಎಂದು ಮೂರು ವರ್ಗಗಳು. ಕೆಂಪು ವರ್ಗದಲ್ಲಿಯೇ ಸುಮಾರು 7,000 ಜಾತಿಗಳು ಗೊತ್ತಾಗಿವೆ. ಸೂರ್ಯನ ಬೆಳಕು ನೀರಿನ ಆಳಕ್ಕಿಳಿದಂತೆ ಅದರೊಳಗಿನ ಕೆಂಪು ಭಾಗವು ಮೊದಲು ಅಳಿದು ನೀಲ ಹಸಿರು ಭಾಗವು ಉಳಿಯುವದು. ಆ ಉಳಿದ ಬೆಳಕನ್ನು ಹಿಡಿಯುವದಕ್ಕೆಂದೇ ಈ ಸಸ್ಯಗಳಲ್ಲಿ ಕೆಂಪು ಬಣ್ಣದ ದ್ರವ್ಯವೊಂದಿದೆ.

ಇದನ್ನು ನೋಡುವದಕ್ಕೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲ ಘಟ್ಟವನ್ನಿಳಿದರೆ ಕಾರವಾರದ ಕಡಲು. ಹಿಂದಕ್ಕೆ ಧಾರವಾಡ ಸೀಮೆಯ ಅರಳೆಯು ಬಂಡಿಗಳಲ್ಲಿ ಬಂದರಕ್ಕೆ ಹೋಗುತ್ತಿದ್ದುದೂ ಘಟ್ಟವಿಳಿದು ಇದೇ ಕಡಲಿಗೇ. ಮಳೆಗಾಲ ಕಳೆದು ತೆರೆಗಳ ಅಬ್ಬರವಡಗಿದ ಮೇಲೆ, ನೀರು ಇಳಿತವಾದ ಹೊತ್ತಿನಲ್ಲಿ, ಬಿಣಗಾ ಬೈತಖೋಲಗಳ ಬಂಡೆಗಳ ಮೇಲೆ ನಿಂತು ನೋಡಿದರೆ ಗ್ರಾಸಿಲೇರಿಯ, ಹಿಪ್ನಿಯ ಮೊದಲಾದ ಕೆಂಪು ಪಾಚಿಗಳು ಒದ್ದೆ ಕೂದಲಿನ ಕುಚ್ಚುಗಳಂತೆ ಅಂಟಿಕೊಂಡಿರುವದನ್ನು ಕಾಣಬಹುದು. ಅವನ್ನು ಅಭ್ಯಸಿಸುವವರೂ ನಮ್ಮವರೇ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರಜೀವಶಾಸ್ತ್ರದ ವಿಭಾಗವು ಕಾರವಾರದ ಕೋಡಿಬಾಗದಲ್ಲಿದೆ.

ಇನ್ನು ಈ ಸಸ್ಯದಲ್ಲಿ ಔಷಧಗುಣವೇಕೆ ಇರಬೇಕು? ಬೇವಿನ ಗಿಡವನ್ನು ನೆನೆಯಿರಿ. ಅದರ ಕಹಿಯು ನಮ್ಮ ಉಪಯೋಗಕ್ಕಾಗಿ ಹುಟ್ಟಿದ್ದಲ್ಲ; ಎಲೆಯನ್ನು ತಿನ್ನಬರುವ ಹುಳಗಳಿಂದ ತನ್ನನ್ನು ಕಾಯ್ದುಕೊಳ್ಳುವದಕ್ಕಾಗಿ ಗಿಡವು ಅದನ್ನು ಮಾಡಿಕೊಂಡಿದೆ. ಕಡಲಪಾಚಿಯ ಸಂಕಟವು ಇದಕ್ಕಿಂತ ಹೆಚ್ಚಿನದು. ಮೀನು, ಬಸವನಹುಳ ಮೊದಲಾದವು ಅದನ್ನು ಮೇಯುವವು, ರೋಗಜಂತುಗಳೂ ಲೋಳೆಯೂ ಮೈತುಂಬ ಹತ್ತುವವು, ಓಡಿಹೋಗುವದಕ್ಕೆ ಕಾಲಿಲ್ಲ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 65 ಮಿಲಿಗ್ರಾಮಿನಷ್ಟು ಬ್ರೋಮಿನ್ ಇರುವದು. ಅನೇಕ ಕೆಂಪು ಪಾಚಿಗಳು ಅದನ್ನೇ ಹೀರಿಕೊಂಡು ತೀಕ್ಷ್ಣವಾದ ರಸಾಯನಗಳನ್ನು ತಯಾರಿಸಿಕೊಳ್ಳುವವು. ಆಸ್ಟ್ರೇಲಿಯದ ಸಿಡ್ನಿಯ ಕಡೆಗೆ ಡೆಲಿಸಿಯ ಎಂಬುದೊಂದು ಪಾಚಿಯಿದೆ. ಸುತ್ತಲಿನ ಗಿಡಗಳೆಲ್ಲ ಲೋಳೆಗಟ್ಟಿದರೂ ಅದರ ಎಲೆ ಮಾತ್ರ ನಿರ್ಮಲವಾಗಿರುವದನ್ನು ಕಂಡು ಅಲ್ಲಿಯ ಶಾಸ್ತ್ರಜ್ಞರು 1990ರ ದಶಕದಲ್ಲಿ ಅದರ ಗುಟ್ಟನ್ನು ಹುಡುಕಿದರು. ಸೂಕ್ಷ್ಮಜಂತುಗಳು ಒಂದಕ್ಕೊಂದು ಸಂಜ್ಞೆ ಕೊಟ್ಟು ಗುಂಪುಗೂಡುವವು. ಈ ಪಾಚಿಯ ರಸಾಯನವು ಅವನ್ನು ಕೊಲ್ಲದೆ ಆ ಸಂಜ್ಞೆಯನ್ನೇ ಕೆಡಿಸುವದೆಂದು ಗೊತ್ತಾಯಿತು. ಬೇವಿನಂತೆ ಇಲ್ಲಿಯೂ ಗಿಡದ ಆತ್ಮರಕ್ಷಣೆಯ ಆಯುಧವೇ ಮನುಷ್ಯನ ಔಷಧಶೋಧಕ್ಕೆ ಮೂಲವಾಗಿದೆ. ಆಯುಧವೆಂದ ಮೇಲೆ ಅದು ಎರಡೂ ಕಡೆ ಕೊಯ್ಯುವದೆಂಬುದನ್ನು ಮುಂದೆ ಕಾಣುವೆವು.

ಕೆಂಪು ಪಾಚಿಯಿಂದ ವೈದ್ಯಕ್ಕೆ ಆದ ಅತಿ ದೊಡ್ಡ ಉಪಕಾರವು ಔಷಧದ ರೂಪದಲ್ಲಿ ಬರಲಿಲ್ಲ; ಅಡಿಗೆಮನೆಯಿಂದ ಬಂದಿತು. ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ ಎಂದು ಬಿಳಿಯ ಎಳೆಗಳನ್ನು ಮಾರುವರು; ಹಾಲು ಸಕ್ಕರೆಯೊಡನೆ ಕುದಿಸಿ ಆರಿಸಿದರೆ ಗಟ್ಟಿಯಾದ ಸಿಹಿ ತಿನಿಸಾಗುವದು. ಅದು ಹುಲ್ಲಲ್ಲ, ಕೆಂಪು ಪಾಚಿಗಳನ್ನು ಕುದಿಸಿ ತೆಗೆದ ಅಗರ್ ಎಂಬ ಪದಾರ್ಥ. 1881ರಲ್ಲಿ ಜರ್ಮನಿಯಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯನು ಸೂಕ್ಷ್ಮಜಂತುಗಳನ್ನು ಬೆಳೆಯಿಸಲೆತ್ನಿಸುತ್ತಿದ್ದನು. ಅವನು ಉಪಯೋಗಿಸುತ್ತಿದ್ದ ಜೆಲಾಟಿನ್ ಎಂಬ ಸರಿಯು ಬೇಸಿಗೆಯ ಸೆಕೆಗೆ ಕರಗಿಹೋಗುತ್ತಿತ್ತು. ಅವನ ಹೆಂಡತಿ ಫ್ಯಾನಿ ಹೆಸ್ಸೆಯು ತನ್ನ ಅಡಿಗೆಯಲ್ಲಿ ಬಳಸುತ್ತಿದ್ದ ಅಗರನ್ನು ಪ್ರಯೋಗಿಸಿ ನೋಡಲು ಸೂಚಿಸಿದಳು. ಮಾನವದೇಹದ ಉಷ್ಣತೆಯಲ್ಲಿಯೂ ಅದು ಕರಗಲಿಲ್ಲ. ಜಂತುಗಳೂ ಅದನ್ನು ತಿಂದು ನೀರು ಮಾಡಲಿಲ್ಲ. ಹೆಸ್ಸೆಯ ಗುರುವಾದ ರಾಬರ್ಟ್ ಕಾಖನು 1882ರಲ್ಲಿ ಕ್ಷಯರೋಗದ ಜಂತುವಿನ ಶೋಧವನ್ನು ಪ್ರಕಟಿಸುವಾಗ ಅಗರಿನ ಹೆಸರನ್ನೂ ಹೇಳಿದನು. ಇಂದು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಂಥ ದೊಡ್ಡ ದವಾಖಾನೆಗಳಲ್ಲಿ ರೋಗಿಯ ಕೀವನ್ನೋ ಮೂತ್ರವನ್ನೋ ಪರೀಕ್ಷಿಸಿ ಯಾವ ಔಷಧವು ತಾಗುವದೆಂದು ನಿರ್ಣಯಿಸುವದು ಅಗರಿನ ತಟ್ಟೆಯ ಮೇಲೆಯೇ. ನಮ್ಮ ತೋಟಿಗರು ನೆಡುವ ಟಿಶ್ಯೂ ಕಲ್ಚರ್ ಬಾಳೆಯ ಸಸಿಯೂ ಸಾಮಾನ್ಯವಾಗಿ ಅಗರಿನಲ್ಲಿಯೇ ಕಣ್ಣುಬಿಟ್ಟಿರುವದು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಅಗರು ನಿಂತುಹೋದಾಗ ದೇಶದೇಶಗಳು ತಂತಮ್ಮ ತೀರಗಳಲ್ಲಿ ಇದನ್ನು ಹುಡುಕತೊಡಗಿದವು. ಭಾರತದಲ್ಲಿಯೂ ಆ ಪ್ರಯತ್ನ ನಡೆಯಿತು. ಅಡಿಗೆಯವಳ ಜ್ಞಾನಕ್ಕೆ ಶಾಸ್ತ್ರವು ಇಷ್ಟು ಋಣಿಯಾದ ಉದಾಹರಣೆಗಳು ವಿರಳ, ಆದರೂ ಆಕೆಯ ಹೆಸರನ್ನು ಬಲ್ಲವರು ಕಡಿಮೆ.

ಈಗ ಗೌಡರ ಸೀಸೆಯ ಮೇಲಿದ್ದ ಹೊಟ್ಟೆಹುಳದ ಮಾತಿಗೆ ಬರೋಣ. ಇದರಲ್ಲಿ ಸತ್ಯಾಂಶವಿದೆ. ಜಪಾನಿನಲ್ಲಿ ಡೈಜೀನಿಯ ಎಂಬ ಕೆಂಪು ಪಾಚಿಯ ಕಷಾಯವನ್ನು ಅನೇಕ ಶತಮಾನಗಳಿಂದ ಮಕ್ಕಳ ಜಂತುಹುಳಕ್ಕೆ ಕುಡಿಸುತ್ತಿದ್ದರು. 1953ರಲ್ಲಿ ಅಲ್ಲಿಯ ರಸಾಯನಶಾಸ್ತ್ರಜ್ಞರು ಅದರ ಸತ್ವವನ್ನು ಬೇರ್ಪಡಿಸಿ ಕೈನಿಕ್ ಆಮ್ಲವೆಂದು ಕರೆದರು. ಅದು ಹುಳದ ನರಗಳನ್ನು ಮಿತಿಮೀರಿ ಕೆರಳಿಸಿ ಅದನ್ನು ನಿಶ್ಚೇಷ್ಟಗೊಳಿಸುವದು. ಕರುಳನ್ನು ಹಿಡಿದುಕೊಳ್ಳಲಾರದೆ ಹುಳವು ಹೊರಬೀಳುವದು. ಇದು ಪರೀಕ್ಷಿಸಲ್ಪಟ್ಟು ಔಷಧವಾಗಿ ಬಳಕೆಗೆ ಬಂದುದು. ಆದರೆ ಅದೇ ಆಮ್ಲವನ್ನು ಶಾಸ್ತ್ರಜ್ಞರು ಪ್ರಯೋಗಶಾಲೆಯ ಇಲಿಗಳಲ್ಲಿ ಮೂರ್ಛೆರೋಗವನ್ನು ಹುಟ್ಟಿಸುವದಕ್ಕೂ ಉಪಯೋಗಿಸುತ್ತಾರೆ. ಇದರ ತಮ್ಮನಂಥ ಡೊಮೊಯಿಕ್ ಆಮ್ಲವನ್ನು 1958ರಲ್ಲಿ ಕಾಂಡ್ರಿಯ ಎಂಬ ಇನ್ನೊಂದು ಕೆಂಪು ಪಾಚಿಯಿಂದ ತೆಗೆದರು. ಅದೂ ಹುಳದ ಮದ್ದೇ. ಇಪ್ಪತ್ತೊಂಬತ್ತು ವರ್ಷಗಳ ತರುವಾಯ, 1987ರಲ್ಲಿ, ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಮುದ್ರಚಿಪ್ಪುಗಳನ್ನು ತಿಂದ ನೂರಕ್ಕೂ ಹೆಚ್ಚು ಜನರು ಜಡ್ಡಿಗೆ ಬಿದ್ದರು. ಕೆಲವರು ತೀರಿಕೊಂಡರು, ಬದುಕಿದ ಕೆಲವರಿಗೆ ನೆನಪೇ ಅಳಿಯಿತು. ಸೂಕ್ಷ್ಮವಾದ ಬೇರೊಂದು ಪಾಚಿಯಿಂದ ಆ ಚಿಪ್ಪುಗಳೊಳಗೆ ಸೇರಿದ್ದ ವಿಷವು ಅದೇ ಡೊಮೊಯಿಕ್ ಆಮ್ಲವಾಗಿದ್ದಿತು. ಹುಳಕ್ಕೆ ಎಷ್ಟು, ಮನುಷ್ಯನಿಗೆ ಎಷ್ಟು ಎಂಬ ಪ್ರಮಾಣದಲ್ಲಿಯೇ ಎಲ್ಲ ಗುಟ್ಟೂ ಇರುವದು. ಯಾವ ಜಾತಿಯ ಪಾಚಿ, ಎಷ್ಟು ಸತ್ವವೆಂಬುದನ್ನು ಬರೆಯದ ಸೀಸೆಯಿಂದ ಇದನ್ನು ತಿಳಿಯುವ ಬಗೆ ಹೇಗೆ? ಹೊಟ್ಟೆಯ ಹುಳಕ್ಕೆ ದನಗಳ ದವಾಖಾನೆಯಲ್ಲಿಯೂ ಆರೋಗ್ಯಕೇಂದ್ರದಲ್ಲಿಯೂ ಪ್ರಮಾಣ ಗೊತ್ತಾದ ಅಗ್ಗದ ಗುಳಿಗೆಗಳು ಇರುವಾಗ ಈ ಗಂಡಾಂತರವನ್ನು ಯಾರೂ ತಂದುಕೊಳ್ಳಬೇಕಾಗಿಲ್ಲ.

ಅಗರಿನಂತೆಯೇ ಕೆಂಪು ಪಾಚಿಯಿಂದ ಬರುವ ಇನ್ನೊಂದು ಸರಿಗೆ ಕ್ಯಾರಜೀನನ್ ಎಂದು ಹೆಸರು. ಕಾರವಾರದ ಹಿಪ್ನಿಯದಲ್ಲಿಯೂ ಅದಿದೆ. ತಮಿಳುನಾಡಿನ ಮಂಡಪದ ಕಡೆಗೆ ಸಮುದ್ರದಲ್ಲಿ ಬಿದಿರಿನ ತೆಪ್ಪ ಕಟ್ಟಿ ಬೆಳೆಯುವ ಕಪ್ಪಾಫೈಕಸ್ ಎಂಬ ಪಾಚಿಯನ್ನು ಮುಖ್ಯವಾಗಿ ಅದಕ್ಕಾಗಿಯೇ ಸಾಕುತ್ತಾರೆ. ಹಲ್ಲಿನ ಪೇಸ್ಟು, ಐಸ್‌ಕ್ರೀಮುಗಳಲ್ಲಿ ನಾವೆಲ್ಲರೂ ಅದನ್ನು ಅರಿಯದೆ ಉಪಯೋಗಿಸಿರುವೆವು. ಐರ್ಲಂಡಿನ ಹಳ್ಳಿಗರು ಅಂಥ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಕೆಮ್ಮಿಗೆ ಕುಡಿಯುತ್ತಿದ್ದರು. ಇದರೊಳಗೆ ಗಂಧಕ ಕೂಡಿದ ಸಕ್ಕರೆಯ ಉದ್ದ ಸರಪಳಿಗಳಿವೆ. ರೋಗದ ವೈರಾಣುಗಳು ಬಂದು ನಮ್ಮ ಜೀವಕಣಗಳಿಗೆ ಅಂಟುವ ಮೊದಲು ಈ ಸರಪಳಿಗಳು ಅವನ್ನು ಸುತ್ತಿ ಹಿಡಿಯುವವು. ಈ ತತ್ವದ ಮೇಲೆ ಮೂಗಿಗೆ ಸಿಂಪಡಿಸುವ ಔಷಧವು ತಯಾರಾಗಿ ಕೆಲವು ದೇಶಗಳಲ್ಲಿ ನೆಗಡಿಗೆ ಮಾರಲ್ಪಡುತ್ತಿದೆ. ಕೋವಿಡ್ ಕಾಲದಲ್ಲಿ ಅರ್ಜೆಂಟೀನದ ದವಾಖಾನೆಗಳ 394 ಜನ ಸೇವಕರ ಮೇಲೆ ಇದರ ಪರೀಕ್ಷೆ ನಡೆದು 2021ರಲ್ಲಿ ಫಲವು ಪ್ರಕಟವಾಯಿತು: ಸಿಂಪಡಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗೂ, ಬರಿಯ ಉಪ್ಪುನೀರು ಸಿಂಪಡಿಸಿಕೊಂಡವರಲ್ಲಿ ನೂರಕ್ಕೆ ಐವರಿಗೂ ರೋಗ ತಗುಲಿತ್ತು.

ಇಷ್ಟನ್ನೇ ಹೇಳಿ ಮುಗಿಸಿದರೆ ನಾನೂ ಸಂತೆಯ ಮಾರಾಟಗಾರನಂತೆ ಆದೇನು. ಅದೇ ಕ್ಯಾರಜೀನನ್ನು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಎಚ್.ಐ.ವಿ. ವೈರಾಣುವನ್ನೂ ತಡೆದಿತ್ತು. ಆಗ ಅದರಿಂದ ಒಂದು ಲೇಪವನ್ನು ಮಾಡಿ, 2004ರಿಂದ 2007ರ ವರೆಗೆ ದಕ್ಷಿಣ ಆಫ್ರಿಕದಲ್ಲಿ 6,202 ಹೆಂಗಸರ ಮೇಲೆ ಪರೀಕ್ಷೆಯನ್ನು ನಡೆಸಿದರು. ಅರ್ಧ ಜನರಿಗೆ ನಿಜವಾದ ಲೇಪ, ಅರ್ಧ ಜನರಿಗೆ ಹುಸಿ ಲೇಪ. ಯಾರದು ಯಾವದೆಂದು ಕೊಟ್ಟವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು. ಕೊನೆಗೆ ಲೆಕ್ಕ ಹಾಕಿದಾಗ ರೋಗ ತಗುಲುವದರಲ್ಲಿ ಎರಡೂ ಗುಂಪುಗಳಿಗೆ ಗಣನೀಯವಾದ ಭೇದವೇ ಕಾಣಲಿಲ್ಲ. ಲೇಪದಿಂದ ಅಪಾಯವೂ ಆಗಲಿಲ್ಲ, ಉಪಯೋಗವೂ ಆಗಲಿಲ್ಲ. ಗಾಜಿನ ನಳಿಗೆಯಲ್ಲಿ ಗೆದ್ದುದು ಮನುಷ್ಯನ ಮೈಯಲ್ಲಿ ಗೆಲ್ಲುವದೆಂಬ ನಿಯಮವಿಲ್ಲ. ನಮ್ಮ ಫಾರ್ಮಿನ ಮಡಿಯಲ್ಲಿ ಬಂದ ಇಳುವರಿಯು ರೈತನ ಹೊಲದಲ್ಲಿ ಬರುವದೆಂದು ಹೇಳಲಾಗದೆಂಬುದನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಿಫಿತ್ಸಿಯ ಎಂಬ ಕೆಂಪು ಪಾಚಿಯ ಕಥೆಯು ಒಕ್ಕಲಿಗರಿಗೆ ಹೆಚ್ಚು ರುಚಿಸೀತು. ನ್ಯೂಝೀಲಂಡಿನ ಸಮುದ್ರದಿಂದ ತಂದ ಈ ಪಾಚಿಯಲ್ಲಿ ಅಮೇರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಒಂದು ಸಣ್ಣ ಪ್ರೋಟೀನನ್ನು ಕಂಡು 2005ರಲ್ಲಿ ಪ್ರಕಟಿಸಿದರು. ವೈರಾಣುವಿನ ಮೈಮೇಲಿನ ಸಕ್ಕರೆಗೆ ಅದು ಗಟ್ಟಿಯಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವದು. ಆದರೆ ಸಮುದ್ರದ ಪಾಚಿಯನ್ನು ಕೂಡಿಹಾಕಿ ಎಷ್ಟು ತೆಗೆದಾರು? ಆದ್ದರಿಂದ ಅದನ್ನು ಮಾಡುವ ಸೂತ್ರವನ್ನು ತಂಬಾಕಿನ ಜ್ಞಾತಿಯಾದ ಒಂದು ಗಿಡದೊಳಗೆ ಹುಗಿಸಿ, ಆ ಗಿಡದಿಂದಲೇ ಔಷಧವನ್ನು ಬೆಳೆಯಿಸಿದರು. 2009ರ ವರದಿಯ ಮೇರೆಗೆ 5,000 ಚದರ ಅಡಿಯ ಗಾಜಿನ ಮನೆಯಲ್ಲಿ, ಎಂದರೆ ನಮ್ಮ ಐದು ಗುಂಟೆಗಿಂತಲೂ ಕಡಿಮೆ ನೆಲದಲ್ಲಿ, 60 ಗ್ರಾಮಿಗೂ ಹೆಚ್ಚು ಶುದ್ಧ ಪದಾರ್ಥವು ಬಂದಿತು. ಒಂದೊಂದು ಸಲಕ್ಕೆ ಅತ್ಯಲ್ಪವೇ ಬೇಕಾಗುವ ಔಷಧಕ್ಕೆ ಇದು ದೊಡ್ಡ ಸುಗ್ಗಿಯೇ ಸರಿ. ನಿಪ್ಪಾಣಿಯ ಕಡೆಯ ಜಮೀನುದಾರರು ತಂಬಾಕಿನ ಬಗ್ಗೆ ಜನರಾಡುವ ನಿಂದೆಯನ್ನು ಕೇಳಿ ಕೇಳಿ ಬೇಸತ್ತಿದ್ದರೆ ಇಷ್ಟಾದರೂ ಸಮಾಧಾನ ಪಡಬಹುದು. ಮನುಷ್ಯರ ಮೇಲೆ ಇದರ ಮೊದಮೊದಲಿನ ಪರೀಕ್ಷೆಗಳಷ್ಟೇ ನಡೆದಿವೆ.

ಪಾಚಿಯಿಂದ ಔಷಧವನ್ನು ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಒಂದೇ ಜಾತಿಯ ಪಾಚಿಯು ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಒಂದೇ ಸತ್ವವನ್ನು ಕೊಡುವದಿಲ್ಲ. ಫಿಲಿಪೈನ್ಸಿನ ಪೋರ್ಟೀರಿಯ ಎಂಬ ಕೆಂಪು ಪಾಚಿಯಲ್ಲಿ ಹ್ಯಾಲೊಮಾನ್ ಎಂಬ ಪದಾರ್ಥವು ಕ್ಯಾನ್ಸರಿನ ಕಣಗಳನ್ನು ಕೊಲ್ಲುವದೆಂದು 1992ರಲ್ಲಿ ಪ್ರಕಟವಾಗಿ ಬಹಳ ಆಸೆ ಹುಟ್ಟಿತ್ತು. ಮರಳಿ ಹೋಗಿ ಪಾಚಿಯನ್ನು ತಂದರೆ ಕೆಲವು ಸಲ ಅದರಲ್ಲಿ ಆ ಪದಾರ್ಥವು ಬಹಳ ಕಡಿಮೆ, ಕೆಲವು ಸಲ ಇಲ್ಲವೇ ಇಲ್ಲ. ಸಾಕಷ್ಟು ಸತ್ವ ಸಿಗದೆ ಆ ಕೆಲಸವು ಹಿಂದೆಬಿದ್ದಿತು. ಬ್ಯಾಡಗಿಯ ಮೆಣಸಿನಕಾಯಿಯನ್ನು ಬೇರೆ ನೆಲದಲ್ಲಿ ಬೆಳೆದರೆ ಆ ಬಣ್ಣವೂ ರುಚಿಯೂ ಬರಲಿಕ್ಕಿಲ್ಲವೆಂದು ನಮ್ಮವರು ಹೇಳುವದಿಲ್ಲವೇ? ಅದರಂತೆಯೇ ಇದು.

ದನಗಳ ವಿಷಯದಲ್ಲಿ ಈಗ ಲೋಕದ ಲಕ್ಷ್ಯವೆಲ್ಲವೂ ಆಸ್ಪರಾಗಾಪ್ಸಿಸ್ ಎಂಬ ಕೆಂಪು ಪಾಚಿಯ ಮೇಲಿದೆ. ಹವಾಯಿ ದ್ವೀಪದ ಜನರು ಇದನ್ನು ಊಟದಲ್ಲಿ ಉಪ್ಪಿನಕಾಯಿಯಂತೆ ನಂಜಿಕೊಳ್ಳುವರು. ಗುಜರಾತದ ಓಖಾ ತೀರದಲ್ಲಿಯೂ ಇದು ಬೆಳೆಯುವದು. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮಿಥೇನ್ ಎಂಬ ವಾಯುವು ಹುಟ್ಟಿ ತೇಗಿನೊಡನೆ ಹೊರಹೋಗುವದು. ಅದರಿಂದ ಜಗತ್ತಿನ ಸೆಕೆ ಹೆಚ್ಚುವದೆಂಬುದು ಒಂದು ಮಾತು. ನಾವು ಹಾಕಿದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಆರರಿಂದ ಹತ್ತರಷ್ಟು ಹೀಗೆ ಗಾಳಿಗೆ ಹೋಗುವದೆಂಬುದು ರೈತನಿಗೆ ಹತ್ತಿರವಾದ ಮಾತು. ಈ ಪಾಚಿಯೊಳಗಿನ ಬ್ರೋಮೋಫಾರ್ಮ್ ಎಂಬ ರಸಾಯನವು ವಾಯುವನ್ನು ಹುಟ್ಟಿಸುವ ಜಂತುಗಳ ಕೆಲಸವನ್ನು ಕೊನೆಯ ಹಂತದಲ್ಲಿ ತಡೆಯುವದು. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ 21 ಹೋರಿಗಳಿಗೆ 147 ದಿನಗಳ ವರೆಗೆ ಇದನ್ನು ಮೇವಿನಲ್ಲಿ ಕೊಟ್ಟಾಗ ಕೆಲವು ಬಗೆಯ ಮೇವಿನೊಡನೆ ಮಿಥೇನು ನೂರಕ್ಕೆ ಎಂಬತ್ತರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾಗಿದೆ.

ಆದರೆ ಗೌಡರ ಸೀಸೆಯು ಹೇಳಿದ್ದುದು ಹಾಲು ಹೆಚ್ಚುವದೆಂದು. ಅಲ್ಲಿಯೇ 2019ರಲ್ಲಿ ಹಾಲಿನ ಆಕಳುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಇದರ ಹೆಚ್ಚಿನ ಪ್ರಮಾಣವನ್ನು ಕೊಟ್ಟಾಗ ಮಿಥೇನು ಇಳಿಯಿತು ನಿಜ. ಆದರೆ ಆಕಳುಗಳು ಮೇವನ್ನು ನೂರಕ್ಕೆ 38ರಷ್ಟು ಕಡಿಮೆ ತಿಂದವು, ಹಾಲು ನೂರಕ್ಕೆ 11ಕ್ಕೂ ಹೆಚ್ಚು ಇಳಿಯಿತು. 2021ರಲ್ಲಿ ನೆದರ್ಲಂಡಿನವರು ಆ ಬ್ರೋಮೋಫಾರ್ಮು ಹಾಲಿನಲ್ಲಿಯೂ ಗಂಜಳದಲ್ಲಿಯೂ ಇಳಿದು ಬಂದುದನ್ನು ಕಂಡರು. ಪರೀಕ್ಷಿಸಿದ ಆಕಳುಗಳ ಹೊಟ್ಟೆಯ ಒಳಗೋಡೆಯಲ್ಲಿ ಉರಿಯೂತದ ಕುರುಹುಗಳೂ ಕಂಡವು. ಅತ್ಯಲ್ಪ ಪ್ರಮಾಣದಲ್ಲಿ, ಪಶುವೈದ್ಯರ ಎದುರಿನಲ್ಲಿ, ಇದು ಮುಂದೆ ಉಪಯೋಗಕ್ಕೆ ಬರಬಹುದು. ನಮ್ಮ ಧಾರವಾಡಿ ಎಮ್ಮೆಗೆ ಸ್ವತಂತ್ರ ತಳಿಯೆಂದು 2021ರಲ್ಲಿ ಮಾನ್ಯತೆ ದೊರೆತಿದೆ. ಧಾರವಾಡದ ಪೇಢೆಯ ಕೀರ್ತಿಯು ಅದರ ಹಾಲಿನ ಮೇಲೆ ನಿಂತಿದೆ. ಅಂಥ ಎಮ್ಮೆಯ ಬಾಯಿಗೆ ಅಳತೆಯಿಲ್ಲದ ಸೀಸೆಯನ್ನು ಸುರಿಯುವದು ಸರ್ವಥಾ ಕೂಡದು.

ಬೆಳೆಗೆ ಸಿಂಪಡಿಸುವ ಪಾಚಿಯ ದ್ರವವು ಬೇರೆಯ ವಿಷಯ. ಕಪ್ಪಾಫೈಕಸ್ಸನ್ನು ಹಸಿಯಾಗಿ ಹಿಂಡಿ ತೆಗೆದ ರಸದಲ್ಲಿ ಪೊಟ್ಯಾಶ್ ಮತ್ತು ಬೆಳವಣಿಗೆಯನ್ನು ಚೋದಿಸುವ ಪದಾರ್ಥಗಳಿವೆಯೆಂದು ಗುಜರಾತದ ಭಾವನಗರದ ಕೇಂದ್ರ ಉಪ್ಪು ಮತ್ತು ಸಮುದ್ರ ರಸಾಯನಗಳ ಸಂಶೋಧನ ಸಂಸ್ಥೆಯವರು ತೋರಿಸಿದ್ದಾರೆ. ಮಳೆಯಾಶ್ರಿತ ಸೋಯಾಬೀನಿನಲ್ಲಿ ಒಳ್ಳೆಯ ಫಲ ಬಂದ ವರದಿಯೂ ಇದೆ. ಇದು ಗೊಬ್ಬರಕ್ಕೆ ಬದಲಲ್ಲ, ಗೊಬ್ಬರದೊಡನೆ ಸಹಾಯಕ. ಇಂಥ ದ್ರವಗಳನ್ನು 2021ರ ತಿದ್ದುಪಡಿಯ ಮೂಲಕ ಜೈವಿಕ ಉತ್ತೇಜಕಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದ್ದಾರೆ. ಆದ್ದರಿಂದ ಮಾರುವವನಲ್ಲಿ ಆ ಆದೇಶದ ಮೇರೆಗೆ ಆದ ನೋಂದಣಿಯ ಕಾಗದವನ್ನೂ ಪಾವತಿಯನ್ನೂ ಕೇಳುವ ಹಕ್ಕು ಕೊಳ್ಳುವವರಿಗಿದೆ. ಕೊಡದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು.

ಇನ್ನು ಸಕ್ಕರೆ ಬೇನೆಯ ಮಾತು. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆಯು ಕಡಲಪಾಚಿಗಳ ಸತ್ವದಿಂದ ಸಂಧಿವಾತಕ್ಕೂ ಮಧುಮೇಹಕ್ಕೂ ಪೂರಕವಾದ ಕೋಶಗುಳಿಗೆಗಳನ್ನು ಮಾಡಿದೆ. ಪೂರಕವೆಂದರೆ ಊಟದೊಡನೆ ಸೇರಿಸುವಂಥದ್ದು. ವೈದ್ಯರು ಕೊಟ್ಟ ಗುಳಿಗೆಯ ಸ್ಥಾನದಲ್ಲಿ ಕೂಡುವಂಥದ್ದಲ್ಲ. ಆಹಾರ ಪೂರಕದ ಚೀಟಿಯ ಮೇಲೆ ಆಹಾರ ಸುರಕ್ಷಾ ಇಲಾಖೆಯ 14 ಅಂಕಿಗಳ ಪರವಾನಿಗೆಯ ಸಂಖ್ಯೆ ಇರುವದು. ಆ ಸಂಖ್ಯೆಯಿದ್ದ ಮಾತ್ರಕ್ಕೆ ರೋಗ ವಾಸಿಯಾಗುವದೆಂದು ಸರಕಾರವು ಹೇಳಿದಂತಾಗಲಿಲ್ಲ. ಮಾರುವವರು ಜಾಣತನದಿಂದ ಹಾಗೆ ತೋರಿಸುವದುಂಟು. ಔಷಧವಾದರೆ ತಯಾರಕರ ಔಷಧ ಪರವಾನಿಗೆಯ ಸಂಖ್ಯೆ, ತಯಾರಾದ ಹಾಗೂ ಮುಗಿಯುವ ತಿಂಗಳು, ಒಳಗಿನ ಸತ್ವದ ತೂಕ, ಇಷ್ಟೂ ಬರೆದಿರಬೇಕು.

ಗೌಡರ ಸೀಸೆಯನ್ನು ನಾನು ಬೆಳಕಿಗೆ ಹಿಡಿದು ಓದಿದೆನು. ಪಾಚಿಯ ಜಾತಿಯ ಹೆಸರಿಲ್ಲ, ತೂಕವಿಲ್ಲ, ಮೇಲೆ ಹೇಳಿದ ಯಾವ ಸಂಖ್ಯೆಯೂ ಇಲ್ಲ. ತೆರೆಯೆದ್ದ ಸಮುದ್ರದ ಚಿತ್ರವೊಂದು ಮಾತ್ರ ಅಂದವಾಗಿದ್ದಿತು. ಮರುವಾರ ಅವರು ಹುಬ್ಬಳ್ಳಿಯ ದವಾಖಾನೆಯಿಂದ ಮಗನ ಕೈಯಲ್ಲಿ ಹೇಳಿಕಳುಹಿಸಿದರು: ಗಾಯದ ಕೀವನ್ನು ಪರೀಕ್ಷೆಗೆ ಕೊಟ್ಟಿದ್ದಾರೆ, ತಾಗುವ ಔಷಧವು ಗೊತ್ತಾಗಿದೆ, ಹೆಬ್ಬೆರಳು ಉಳಿಯುವ ಆಸೆಯಿದೆ. ಕೆಂಪು ಪಾಚಿಯು ಅವರ ಕಾಲಿಗೆ ಉಪಯೋಗವಾದದ್ದು ಆ ಪರೀಕ್ಷೆಯ ತಟ್ಟೆಯಲ್ಲಿಯೇ.